ತೊಂಬತ್ತು ಕೆಜಿಯೊಳಗೆ

ಆಟಿಸಂ ಇರುವ ಸುಧನ್ವ ತೂಕದ ಯಂತ್ರ ಹತ್ತುತ್ತಿಲ್ಲ ಎಂಬುದು ಅಂದು ವಿಶೇಷ ಶಾಲೆಯ ಇಡೀ ಆಡಳಿತವನ್ನು ಕಂಗೆಡಿಸಿದ ವಿಷಯವಾಗಿತ್ತು. ಅವನಿಗೆ ಹದಿನೆಂಟು ತುಂಬಿ ಶಾಲೆಯ ಅವಧಿ ಮುಗಿದಿತ್ತು. ಇನ್ನು ಶಾಲೆಯದೇ ಮೇಣದಬತ್ತಿ ಘಟಕದ ತರಬೇತಿಗೆ ಸೇರಬೇಕಿತ್ತು. ಇಲ್ಲದಿದ್ದರೆ ಮನೆಯೇ ಗತಿ. ನಿಂತು ಮಾಡುವ ಕೆಲಸವಾದ್ದರಿಂದ ತೂಕ ತೊಂಬತ್ತು ಕೆಜಿ ಮೀರುವಂತಿರಲಿಲ್ಲ.

"ಮನೇಲಿ ಏನಮ್ಮ ತಿನ್ನಿಸ್ತೀರಿ ಇವನಿಗೆ?" ಎಂದರು ಮುಖ್ಯಶಿಕ್ಷಕಿ.

"ಮುದ್ದೆ, ಸೊಪ್ಪಿನ ಸಾರು ಮೇಡಂ. ಹೆಸರು ಹೇಳಿದ್ರೆ ಒಂದು ಬಿಸ್ಕತ್ತು, ಸುಮ್ನೆ ಕೂತ್ರೆ ಇನ್ನೊಂದು ಅಂತ ಹದಿಮೂರು ವರ್ಷ ಕೊಟ್ಟಿದ್ದು ಇಲ್ಲೇ ಅಲ್ವಾ?" ಎಂದರು ತಾಯಿ.

"ಅದು ಮಕ್ಕಳಿಗೆ ಕಲಿಸೋ ವಿಧಾನ. ಈಗ ಇವನು ದೊಡ್ಡವನು, ಬಾಯಿ ಕಟ್ಟೋದು ಕಲೀಬೇಕು."

ಹಾಗೆನ್ನುತ್ತಲೇ ಅವರು ಮೇಜಿನ ಖಾನೆಯಿಂದ ಕ್ರೀಮ್ ಬಿಸ್ಕತ್ತಿನ ಪೊಟ್ಟಣ ತೆಗೆದು ಯಂತ್ರದ ಆಚೆ ಹಿಡಿದರು. ಸುಧನ್ವ ತಕ್ಷಣ ಹತ್ತಿದ. ತೊಂಬತ್ತಾರು ತೋರಿಸಿತು, ಪ್ರವೇಶ ಸಿಗಲಿಲ್ಲ.