ಹೇಳಿ ಹೊರಡುವ ಹೊತ್ತು

ಹೊಟ್ಟೆಯೊಳಗಿನ ಮಕ್ಕಳು ಮಾತಾಡತೊಡಗಿದ ಮೇಲೆ, ಹೆರಿಗೆ ಆಸ್ಪತ್ರೆಯಲ್ಲಿ ಅವರನ್ನೂ ಒಂದು ಮಾತು ಕೇಳುವುದು ರೂಢಿಯಾಗಿತ್ತು.

"ತಾಯಿ, ಮಗು ಇಬ್ಬರೂ ಚೆನ್ನಾಗಿದ್ದೀರ ಸುಗುಣಾ. ಔಷಧಿ ಕೊಟ್ಟು ನೋವು ಬರಿಸಬಹುದು, ಇಲ್ಲಾ ತಾನಾಗೇ ಬರಲಿ ಅಂತ ಇನ್ನೂ ಸ್ವಲ್ಪ ದಿನ ಕಾಯಬಹುದು. ನಿಮ್ಮಿಷ್ಟ," ಎಂದರು ಡಾಕ್ಟರ್ ತಸ್ನೀಮ್.

ಸುಗುಣಾಳಿಗೆ ಸಾಕುಸಾಕಾಗಿತ್ತು. ಯಾವ ಮಗ್ಗುಲಿಗೆ ಮಲಗಿದರೂ ನಿದ್ದೆ ಹತ್ತುತ್ತಿರಲಿಲ್ಲ. ಆದರೂ ಹೊಟ್ಟೆಯ ಮೇಲೆ ಕೈಯಿಟ್ಟು ಕೇಳಿದಳು: "ಏನ್ ಮಾಡ್ತಿದೀಯ ಕಂದಾ?"

"ನೀರು ಕಥೆ ಹೇಳ್ತಿದೆ ಅಮ್ಮಾ," ಎಂದಿತು ನಿದ್ದೆಯಲ್ಲಿ ನೆಂದ ದನಿ. "ಇನ್ನೂ ಸ್ವಲ್ಪ ಉಳಿದಿದೆ."

ಅವಳಿಗೆ ಮುನಿಸೂ ಬಂತು, ನಗುವೂ ಬಂತು. ಕಥೆ ಕೇಳುತ್ತಿರುವ ಮಗುವನ್ನು ಅರ್ಧದಲ್ಲಿ ಎಬ್ಬಿಸುವುದಾದರೂ ಹೇಗೆ?

"ಕಾಯ್ತೀನಿ ಡಾಕ್ಟ್ರೇ," ಎಂದು ಚೀಲ ಎತ್ತಿಕೊಂಡಳು. ಬಾಗಿಲ ಬಳಿ ತಿರುಗಿ, ಎಲ್ಲಿಂದ ಹೊರಟರೂ ಹೇಳುವಂತೆ, "ಬರ್ತೀನಿ," ಎಂದಳು.

"ಬರ್ತೀನಿ," ಎಂದಿತು ಒಳಗಿನ ದನಿಯೂ.

"ಅಮ್ಮನ ಮಾತು ಕಲಿತುಬಿಟ್ಟಿದೆ!" ಡಾಕ್ಟರು ನಕ್ಕರು.

ಸುಗುಣಾ ನಗಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟಳು. ಸೊಂಟದಿಂದ ನೋವೊಂದು ಅಲೆಯಂತೆ ಮೆಲ್ಲಗೆ ಏಳುತ್ತಿತ್ತು. ಒಳಗೆ ಕಥೆ ಮುಗಿದಿತ್ತು. ಮಗು ತಾನಿದ್ದ ಮನೆಗೆ ಹೇಳಿ ಹೊರಟಿತ್ತು.