ಸೇನಾಪತಿ ಪೈಪ್ಸ್

ಮಾರ್ಚ್ 14, ಬೆಳಿಗ್ಗೆ 10 ಗಂಟೆ 40 ನಿಮಿಷ. ತಂಗಿ ತನ್ನ ತಂಗಿಯೇ ಅಲ್ಲ ಎಂದು ಸಾಬೀತು ಮಾಡಲು ಅಣ್ಣ ತಲೆಯಿಂದ ಕೂದಲು ಕೀಳಿಸಿಕೊಳ್ಳುತ್ತಿದ್ದ.

"ಬೇರು ಸಮೇತ ಬೇಕು," ಎಂದರು ಪ್ರಯೋಗಾಲಯದ ತಜ್ಞೆ, ಚಿಮಟದಲ್ಲಿ ಇನ್ನೊಂದನ್ನು ಹಿಡಿಯುತ್ತ.

"ಧಾರಾಳವಾಗಿ ತಗೊಳ್ಳಿ. ನಮ್ಮ ಬೇರು ಎಷ್ಟು ಆಳ ಅಂತ ಇವರಿಗೂ ಗೊತ್ತಾಗಲಿ."

ಇವರು ಎಂದರೆ ಎದುರು ಬೆಂಚಿನಲ್ಲಿ ಕುಳಿತಿದ್ದ ತಂಗಿ ಮತ್ತು ಅವಳ ಗಂಡ. ತಂಗಿಯ ಕೂದಲನ್ನು ಆಗಲೇ ತೆಗೆದಾಗಿತ್ತು.

ಅಣ್ಣನದು ಪ್ಲಾಸ್ಟಿಕ್ ಪೈಪಿನ ಅಂಗಡಿ. ತಾತನವರೆಗೆ ವಂಶ ಗೊತ್ತಿತ್ತು, ಅದರಾಚೆ ಕತ್ತಲು. ತಾತನ ಅಪ್ಪ ಎಲ್ಲಿಂದಲೋ ಬಂದು ಈ ಊರಿನಲ್ಲಿ ನೆಲೆ ನಿಂತ ಎನ್ನುವುದಷ್ಟೇ ಮನೆಯವರ ಬಳಿ ಇದ್ದ ಮಾಹಿತಿ. ದೊಡ್ಡ ಕಾಯಿಲೆಯೊಂದರಿಂದ ಎದ್ದು ಬಂದ ಮೇಲೆ ಆ ಕತ್ತಲು ಅಣ್ಣನನ್ನು ಕಾಡತೊಡಗಿತು. ಒಂದು ನಳಿಕೆಗೆ ಉಗುಳಿ ಡಿಎನ್ಎ ಪರೀಕ್ಷೆಗೆ ಕಳಿಸಿದ. ತಿಂಗಳ ಮೇಲೆ ಫಲಿತಾಂಶ ಬಂತು. ಊರಿನ ನಾಲ್ಕು ರಸ್ತೆ ಕೂಡುವಲ್ಲಿ ಪ್ರತಿಮೆಯಾಗಿ ಕುದುರೆಯೇರಿ ನಿಂತ ಸೇನಾಪತಿಯ ವಂಶದವರಿಗೂ ಇವನಿಗೂ ಹತ್ತಿರದ ರಕ್ತಸಂಬಂಧ.

ಮರುದಿನವೇ ಅಂಗಡಿಯ ಬೋರ್ಡು 'ಸೇನಾಪತಿ ಪೈಪ್ಸ್' ಆಯಿತು. ಅಣ್ಣ ಪ್ರತಿಮೆಯ ಎದುರು ನಿಂತು, ಹಕ್ಕಿಗಳು ಉಳಿಸಿದಷ್ಟು ಮುಖದಲ್ಲಿ ತನ್ನ ಮೂಗನ್ನು ಹುಡುಕಿದ. ಸಿಕ್ಕಿತು. ಮೀಸೆ ಮೇಲಕ್ಕೆ ತಿರುಗಿತು. ಸ್ಕೂಟರಿನಿಂದ ಇಳಿಯುವಾಗಲೂ ಕುದುರೆಯಿಂದ ಇಳಿದವನ ಗತ್ತು.

"ನಾಲ್ಕು ವರ್ಷದ ಹಿಂದೆ ಡಾಕ್ಟರುಗಳೇ ಕೈಚೆಲ್ಲಿದ್ರು. ನನ್ನ ಬದುಕಿಸಿದ್ದು ಯಾವುದು ಅಂತೀರಿ? ಸೇನಾಪತಿ ರಕ್ತ," ಎಂದು ಗಿರಾಕಿಗಳಿಗೆ ಹೇಳುತ್ತಿದ್ದ. ಅರ್ಧ ಇಂಚಿನ ಪೈಪು ಕೇಳಿಕೊಂಡು ಬಂದವರು ಹೌದು ಹೌದು ಎನ್ನುತ್ತಿದ್ದರು.

ಸೇನಾಪತಿಯ ಮನೆತನದವರು ತಮ್ಮ ವಾರ್ಷಿಕ ಕೂಟಕ್ಕೆ ಅವನನ್ನು ಕರೆದರು. ರಕ್ತಸಂಬಂಧಿಗಳನ್ನೂ ಕರೆತರಬಹುದು, ಪರೀಕ್ಷೆ ಮಾಡಿಸಿರಬೇಕು ಅಷ್ಟೆ. ತಂಗಿಯೂ ನಳಿಕೆಗೆ ಉಗುಳಿದಳು. ಅವಳಿಗೆ ಸೇನಾಪತಿಯೂ ಸಂಬಂಧಿಯಲ್ಲ, ಅಣ್ಣನೂ ಸಂಬಂಧಿಯಲ್ಲ ಎಂದು ಬಂತು.

ಅಣ್ಣನಿಗೆ ಬಹಳ ದುಃಖವಾಯಿತು. ಊಟದ ಹೊತ್ತಿನವರೆಗೂ ಇತ್ತು. ಆಮೇಲೆ, ಅಪ್ಪ ಕಟ್ಟಿಸಿದ ಮನೆಯ ಮಹಡಿಯನ್ನು ಖಾಲಿ ಮಾಡುವಂತೆ ತಂಗಿಗೆ ಹೇಳಿದ.

"ಅಪ್ಪ ನಿನ್ನ ಎಲ್ಲಿಂದಲೋ ತಂದು ಸಾಕಿರಬೇಕು. ಅವರದು ದೊಡ್ಡ ಮನಸ್ಸು. ಆದ್ರೆ ವಂಶ ಅಂದ್ರೆ ವಂಶ, ನೋಡು."

"ಮನೆ ಬೇಕಾದ್ರೆ ಬಿಡ್ತೀನಿ," ಎಂದಳು ತಂಗಿ. "ಅಪ್ಪನ್ನ ಬಿಡಲ್ಲ. ಇನ್ನೊಂದು ಸಲ ಪರೀಕ್ಷೆ ಆಗಲಿ."

ಮರುಪರೀಕ್ಷೆಗೆ ಬೇರೆ ಮಾದರಿ ಕೊಟ್ಟರೆ ಒಳ್ಳೆಯದು ಎಂದು ತಜ್ಞೆ ಹೇಳಿದ್ದರು. ಅದಕ್ಕೇ ಈ ಕೂದಲು.

"ನೀನೂ ಎರಡು ಕೊಡಯ್ಯಾ," ಎಂದ ಅಣ್ಣ, ತಂಗಿಯ ಗಂಡನಿಗೆ. ಅವನು ಲಿಫ್ಟ್ ಮೆಕ್ಯಾನಿಕ್, ಅನಾಥಾಲಯದಲ್ಲಿ ಬೆಳೆದವನು. "ಅಪ್ಪ ಯಾರು ಅಂತಲೇ ಗೊತ್ತಿಲ್ಲದವನಿಗೆ ಮುತ್ತಾತನ ತಲೆನೋವಿಲ್ಲ. ಪುಣ್ಯವಂತ."

"ನನಗ್ಯಾಕೆ ಭಾವ. ಯಾರಾದ್ರೂ ಸಿಕ್ಕಿಬಿಟ್ರೆ ಏನು ಮಾತಾಡೋದು ಅಂತಾನೂ ಗೊತ್ತಿಲ್ಲ."

"ನಿನ್ನ ಕೈಲಿ ಏನಾಗತ್ತೆ ಬಿಡು." ಅಣ್ಣ ತಜ್ಞೆಯ ಕಡೆ ತಿರುಗಿದ. "ನಾನು ಆಸ್ಪತ್ರೇಲಿ ಸಾಯೋ ಹಾಗೆ ಬಿದ್ದಿದ್ರೆ, ಇವನು ಮನೇಲಿ ಸೊಂಟ ಹಿಡ್ಕೊಂಡು ಮಲಗಿದ್ದ ಮೇಡಂ."

"ಅವರ ಸೊಂಟದ ಸುದ್ದಿ ನಿನಗೆ ಬೇಡ," ಎಂದಳು ತಂಗಿ.

ಎರಡು ವಾರದ ನಂತರ ಮೂವರೂ ಅದೇ ಬೆಂಚಿನಲ್ಲಿ ಕುಳಿತಿದ್ದರು. ತಂಗಿ ಸಾಮಾನು ಕಟ್ಟಿಟ್ಟು ಬಂದಿದ್ದಳು.

"ನೀವಿಬ್ಬರೂ ಒಂದೇ ತಂದೆ ತಾಯಿಯ ಮಕ್ಕಳು," ಎಂದರು ತಜ್ಞೆ. "ಅನುಮಾನವೇ ಇಲ್ಲ."

ತಂಗಿ ಕಣ್ಣು ಮುಚ್ಚಿ ಉಸಿರು ಬಿಟ್ಟಳು. ಅಣ್ಣ ಚೇತರಿಸಿಕೊಳ್ಳಲು ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. "ನೋಡಿದ್ಯಾ? ಹಾಗಾದ್ರೆ ನೀನೂ ಸೇನಾಪತಿ ವಂಶದವಳೇ ಕಣೇ."

"ಅವರಲ್ಲ. ನೀವೂ ಅಲ್ಲ. ನಿಮ್ಮ ಕೂದಲಲ್ಲಿ ಸೇನಾಪತಿ ಇಲ್ಲ, ಉಗುಳಲ್ಲಿ ಮಾತ್ರ ಇದ್ದಾರೆ." ತಜ್ಞೆ ಕನ್ನಡಕ ತೆಗೆದರು. "ನಿಮಗೆ ಅಸ್ಥಿಮಜ್ಜೆ ಕಸಿ ಆಗಿದೆಯಾ?"

"ಕಾಯಿಲೆ ಆದಾಗ ಮಾಡಿದ್ರು. ಅದಕ್ಕೂ ಇದಕ್ಕೂ ಏನು?"

"ಕಸಿ ಆದಮೇಲೆ ನಿಮ್ಮ ಮೈಯಲ್ಲಿ ರಕ್ತ ತಯಾರಾಗೋದು ದಾನಿಯ ಸೊಂಟದ ಮೂಳೆಯಿಂದ ತೆಗೆದ ಮಜ್ಜೆಯಲ್ಲಿ. ಆ ಜೀವಕೋಶಗಳು ಉಗುಳಿಗೂ ಬರ್ತವೆ. ಮೊದಲ ಸಲ ನಾವು ಪರೀಕ್ಷೆ ಮಾಡಿದ್ದು ದಾನಿಯ ವಂಶವನ್ನ."

ಅಣ್ಣನ ಮೀಸೆ ಮಾತ್ರ ಇಳಿಯಲಿಲ್ಲ, ಅದಕ್ಕೆ ಮೇಣ ಹಚ್ಚಿತ್ತು. ಅದನ್ನೇ ತೀಡುತ್ತ ತಲೆದೂಗಿದ. "ಈಗ ಅರ್ಥ ಆಯ್ತು. ಹೆಸರು ಹೇಳಲೇಕೂಡದು ಅಂತ ಆಸ್ಪತ್ರೆಯವರ ಬಾಯಿ ಕಟ್ಟಿಸಿದ್ರಂತೆ ಆ ಪುಣ್ಯಾತ್ಮ. ದೊಡ್ಡ ಮನೆತನದವರ ಲಕ್ಷಣವೇ ಅದು."

ತಂಗಿ ಗಂಡನ ಕಡೆ ತಿರುಗಿದಳು. "ಗೊತ್ತಾದ್ರೆ ಅಣ್ಣ ಒಪ್ಪಲ್ಲ, ಹೇಳಬೇಡ ಅಂದಿದ್ದು ನೀವು. ಈಗಲೂ ಬೇಡ್ವಾ?"

ಅವನು ತನ್ನ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ. "ಹಾಗಾದ್ರೆ ನನಗೂ ಒಬ್ಬ ಮುತ್ತಾತ ಇದ್ದ," ಎಂದ.

ಮುಂದಿನ ವಾರ ಅಳೆದಾಗ, ಅಣ್ಣನ ರಕ್ತದಲ್ಲಿ ತಂಗಿಯ ಗಂಡನ ಜೀವಕೋಶಗಳ ಪ್ರಮಾಣ ಶೇಕಡಾ 99.4 ಇತ್ತು.