ಎರಡು ಮಡಲು

ಸೋಲಾರ್ ಮೆಕ್ಯಾನಿಕ್ ರತನ್ ಐಸ್ ಪೆಟ್ಟಿಗೆಯ ಮುಚ್ಚಳ ಎತ್ತಿ, ಒಂದು ಬಂಗುಡೆಯ ಹೊಟ್ಟೆ ಒತ್ತಿ ನೋಡಿದ. ಬೆರಳು ತೆಗೆದ ಮೇಲೂ ಗುಳಿ ಹಾಗೇ ಉಳಿಯಿತು.

“ಇವತ್ತೂ ಹಾಂಗೇ ಅಕ್ಕಾ. ನಾಳೆ ಗಾಡಿ ತತ್ತೆ. ಪೆಟ್ಟಿಗೆ ನಾವುಂದ ಊರಿನವ್ರಿಗೆ ಕೊಡುಕೆ ಸಂಘದವ್ರ್ ಹೇಳಿರ್.”

ಸೌಜನ್ಯ ತಾನೂ ಬಗ್ಗಿ ಇನ್ನೊಂದು ಮೀನು ಒತ್ತಿ ನೋಡಿದಳು. ಸೋಲಾರ್‌ನಲ್ಲಿ ನಡೆಯುವ ಆ ಪೆಟ್ಟಿಗೆಯನ್ನು ಮೀನುಗಾರ ಹೆಂಗಸರ ಸಂಘ ಮೂರು ತಿಂಗಳು ನಡೆಸಿ ನೋಡಲೆಂದು ತ್ರಾಸಿಯ ಅವಳ ಮನೆಯಲ್ಲಿ ಇಟ್ಟಿತ್ತು. ಅದು ಬರುವ ಮೊದಲು, ಉಳಿದ ಮೀನನ್ನು ಸಂಜೆ ಕೇಳಿದವರಿಗೆ ಕೇಳಿದ ರೇಟಿಗೆ ಕೊಟ್ಟು ಕೈತೊಳೆದುಕೊಳ್ಳಬೇಕಿತ್ತು. ಬಂದ ಮೇಲೆ ಅವಳ ಮೀನಿಗೂ ನಾಳೆ ಅಂತ ಒಂದು ದಿನ ಸಿಕ್ಕಿತ್ತು. ಮೊದಲ ತಿಂಗಳು ಎಲ್ಲ ಚೆನ್ನಾಗಿಯೇ ನಡೆಯಿತು. ಬಿಸಿಲು ಏರಿದಷ್ಟೂ ಸೋಲಾರಿಗೆ ಸುಗ್ಗಿಯಾಗಬೇಕು ತಾನೇ? ಇಲ್ಲಿ ಎಲ್ಲ ಉಲ್ಟಾ! ಮಾರ್ಚಿನ ಬಿಸಿಲು ಕಾಯತೊಡಗಿದ್ದೇ ಮೀನು ಮೆತ್ತಗಾಗತೊಡಗಿತು.

ರತನ್ ಮೊಬೈಲ್ ತೆಗೆದು ತೋರಿಸಿದ. “ಕಾಣಿ, ಬೆಳಿಗ್ಗೆ ಕರೆಂಟ್ ಸಮಾ ಬತ್ತ್. ಹನ್ನೊಂದರಿಂದ ಮೂರರ ತನ್ಕ ಸೊನ್ನೆ. ಸತ್ಯ ಹೇಳಿ, ಪ್ಯಾನೆಲ್ ಮೇಲೆ ಬಟ್ಟೆ ಒಣ್ಗ್ಸ್ತ್ರಿಯಾ?”

“ಎಂತ ಮಾತ್ ಮಾರಾಯಾ! ಹತ್ ಗಂಟಿಗೆ ಬುಟ್ಟಿ ಹಿಡ್ಕಂಡ್ ಹೈವೇ ಬದಿ ಕೂಕಂಡ್ರೆ ನಾನ್ ಮನಿಗೆ ಬಪ್ಪುದ್ ನಾಲ್ಕ್ ಗಂಟಿಗೆ. ಅಲ್ಲಿ ತಲಿ ಮೇಲೆ ಸೆರಗ್ ಬಿಟ್ರೆ ಬೇರೆ ಎಂತ ಇಲ್ಲ. ಬಟ್ಟೆ ಒಣ್ಗ್ಸುಕೆ ಪುರ್ಸೊತ್ತ್ ಎಲ್ಲಿತ್ತ್ ನಂಗೆ?” ಅನ್ನುವಾಗಲೇ ಅವಳ ಕಣ್ಣು ತುಂಬಿತು. “ಇವತ್ತ್ ಒಂದಿನ ಕೂತ್ಕಂಡ್ ಕಾಣ್. ಆ ಮೇಲೆ ಗಾಡಿ ತಾ.”

ಅಳುವ ಹೆಂಗಸಿನ ಎದುರು ಇಲ್ಲ ಅನ್ನುವ ಗಟ್ಟಿತನ ರತನ್‌ಗೂ ಇರಲಿಲ್ಲ. ಜಗಲಿಯಲ್ಲಿ ಕುಳಿತ. ಅವಳು ಆ ದಿನ ಬುಟ್ಟಿ ಎತ್ತಲಿಲ್ಲ. ಅಂಗಳದ ಮರಳಲ್ಲಿ, ಎದೆಯೆತ್ತರದ ಕಬ್ಬಿಣದ ಕಾಲುಗಳ ಮೇಲೆ ಪ್ಯಾನೆಲ್ ಸುಮ್ಮನೆ ಬಿಸಿಲು ಕಾಯಿಸುತ್ತಿತ್ತು.

ಹನ್ನೊಂದು ಹೊಡೆಯಿತು. ಸಮುದ್ರದ ಬದಿಯಿಂದ ಅವಳ ಮಾವ ಚಂದಯ್ಯ ಬಂದ. ತಲೆಯ ಮೇಲೆ ತೆಂಗಿನ ಗರಿ ಹೆಣೆದ ಎರಡು ಮಡಲು, ಕೈಯಲ್ಲಿ ಕೊಡಪಾನ. ಜಗಲಿಯ ಕಡೆ ನೋಡಲೇ ಇಲ್ಲ. ಎರಡೂ ಮಡಲನ್ನು ಪ್ಯಾನೆಲ್ ಮೇಲೆ ಅಚ್ಚುಕಟ್ಟಾಗಿ ಹೊದಿಸಿ, ಅಂಚು ಎಳೆದು ಸರಿಮಾಡಿ, ಮೇಲಿಂದ ನಿಧಾನಕ್ಕೆ ನೀರು ಹೊಯ್ದ. ಆಮೇಲೆ ಅದನ್ನು ಎರಡು ಸಲ ತಟ್ಟಿ, “ಬೆಳಿಗ್ಗೆಯಿಂದ ಕಾದ್ದ್ ಸಾಕ್, ಇನ್ ಮಲ್ಕೊ” ಅಂದ.

ರತನ್ ಗೊಳ್ಳನೆ ನಕ್ಕ. ಸೌಜನ್ಯಳಿಗೆ ನಗು ಬರಲಿಲ್ಲ, ಸಿಟ್ಟು ನೆತ್ತಿಗೇರಿತು.

“ಹ್ವಾಯ್ ಮಾವಾ! ಎಂತ ಮಾಡ್ತ್ರಿ ನೀವ್!”

ಮುದುಕ ಬೆಚ್ಚಿ ತಿರುಗಿದ. “ಎಂತ ಅಂದ್ರೆ? ಮಡ್ಲ್ ಹಾಕ್ತೆ. ಮೂರ್ ಗಂಟಿಗೆ ತೆಗೀತೆ. ನಂಗ್ ಜ್ವರ ಬಂದ್ ಮಲ್ಕಂಡ ವರ್ಷ ಎಂಟೇ ದಿನ ದೋಣಿಗೆ ಮಡ್ಲ್ ಹಾಕುವರಿಲ್ದೇ, ನೀರ್ ಹಾಕುವರಿಲ್ದೇ, ಹಲ್ಗಿ ಬಿರ್ಕ್ ಬಿಟ್ಟ್ ಹೋಯ್ತ್. ಮತ್ತೆ ಅದ್ ನೀರಿಗೆ ಇಳೀಲಿಲ್ಲ.” ಪ್ಯಾನೆಲ್ ಮೇಲಿಟ್ಟ ಕೈಯನ್ನು ಅವನು ಇನ್ನೂ ತೆಗೆದಿರಲಿಲ್ಲ. “ಇದ್ ನಿನ್ ದೋಣಿ ಅಲ್ದಾ ಮಗಾ. ಒಡುದ್ರೆ ಎಂತ ಮಾಡ್ತೆ ನೀನ್?”

ಸೌಜನ್ಯ ಅವನ ಇನ್ನೊಂದು ಕೈಯಲ್ಲಿದ್ದ ಕೊಡಪಾನ ತೆಗೆದುಕೊಂಡು ಕೆಳಗಿಟ್ಟಳು. ಇಂಥವರ ಮೇಲೆ ಸಿಟ್ಟು ಮಾಡಿಕೊಳ್ಳುವುದಾದರೂ ಹೇಗೆ?

ರತನ್ ಇಳಿದು ಬಂದು ಅಜ್ಜನ ಹೆಗಲು ಹಿಡಿದ. “ಅಜ್ಜಾ, ಇದ್ ಒಡೂದಿಲ್ಲ. ಬಿಸ್ಲೇ ಇದ್ರ್ ಊಟ. ನೀವ್ ದಿನಾ ಊಟದ ಹೊತ್ತಿಗೆ ಸಮಾ ಬಾಯಿ ಮುಚ್ತಾ ಇದ್ರಿ. ಅದ್ಕೇ ಅಕ್ಕನ ಮೀನ್ ಹಾಳಾದ್ದ್. ಪೆಟ್ಟಿಗೆ ವಾಪಸ್ ಹೋಪುದ್ರಲ್ಲಿತ್ತ್.”

ಚಂದಯ್ಯ ಪೆಟ್ಟಿಗೆಯನ್ನು ನೋಡಿದ, ಸೊಸೆಯನ್ನು ನೋಡಿದ. ಪೆಟ್ಟಿಗೆ ಹೋಗುವ ವಿಷಯ ಅವನಿಗೆ ಯಾರೂ ಹೇಳಿರಲಿಲ್ಲ. “ನಿನ್ ಅನ್ನಕ್ಕೆ ನಾನೇ ಕಲ್ಲ್ ಹಾಕ್ದೆ ಅಲ್ದಾ” ಅಂದವನೇ ಮಡಲು ಎರಡನ್ನೂ ಎಳೆದು ತಲೆಯ ಮೇಲಿಟ್ಟುಕೊಂಡು ಹೋದ. ಮಧ್ಯಾಹ್ನ ಊಟಕ್ಕೆ ಸೌಜನ್ಯ ಮೂರು ಸಲ ಕರೆದರೂ ಬರಲಿಲ್ಲ.

ಮಾರನೇ ದಿನ ಹೈವೇ ಬದಿಯಲ್ಲಿ ಟಾರು ಕುದಿಯುತ್ತಿತ್ತು. ಸೆರಗು ತಲೆಗೆಳೆದುಕೊಂಡು ಸೌಜನ್ಯ ಮೀನಿಗೆ ನೀರು ಚಿಮುಕಿಸುತ್ತಿದ್ದಾಗ ರತನ್ ಫೋನ್ ಮಾಡಿದ. “ಅಕ್ಕಾ, ಗಂಟೆ ಹನ್ನೆರಡೂವರಿ, ಕರೆಂಟ್ ಭರ್ತಿ ಬತ್ತಾ ಇತ್ತ್. ಗಾಡಿ ಬತ್ತಿಲ್ಲ. ಪೆಟ್ಟಿಗೆ ನಿಮ್ಮಲ್ಲೇ ಇರ್ಲಿ ಅಂದ್ರ್ ಸಂಘದವ್ರ್.” ಅವಳಿಗೆ ಎಷ್ಟು ಖುಷಿಯಾಯಿತೆಂದರೆ, ಎದುರು ನಿಂತ ಗಿರಾಕಿಗೆ ಕೇಳದೆಯೇ ಎರಡು ಬಂಗುಡೆ ಹೆಚ್ಚು ಹಾಕಿದಳು.

ಫೋನ್ ಕೆಳಗಿಡುವಾಗ ಬೆನ್ನ ಹಿಂದೆ ಏನೋ ಕುಟ್ಟಿದ ಸದ್ದು. ತಿರುಗಿದರೆ ಚಂದಯ್ಯ. ಅವಳ ಸುತ್ತ ನಾಲ್ಕು ಬಿದಿರಿನ ಗಳ ನೆಟ್ಟು, ಅದೇ ಎರಡು ಮಡಲನ್ನು ಮೇಲೆ ಹಾಸಿ ಹಗ್ಗ ಬಿಗಿದ. ಮೂರು ವರ್ಷದಿಂದ ಕೂರುವ ಜಾಗದಲ್ಲಿ ಮೊದಲ ಸಲ ಅವಳ ತಲೆಯ ಮೇಲೆ ನೆರಳು ಬಿತ್ತು.

“ಮಾವಾ, ಈ ಉರಿಬಿಸ್ಲಲ್ಲಿ ಎಂತಕೆ ಬಂದ್ರಿ?”

ಮುದುಕ ಕೊಡಪಾನ ಎತ್ತಿ ಮಡಲಿನ ಮೇಲೆ ನಿಧಾನಕ್ಕೆ ನೀರು ಹೊಯ್ದ.

“ಅದ್ಕೆ ಬಿಸ್ಲೇ ಊಟ ಅಂಬ್ರ್. ನಿಂಗಲ್ಲ ಅಲ್ದಾ?”